ಅಗ್ಗದ ಟಿಕೆಟ್ಟು, ದುಬಾರಿ ಪಾಠ

2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿದಾಗ, ರಾತ್ರಿಯೆಲ್ಲ ರೈಲಿನಲ್ಲಿ ಕಳೆಯುತ್ತಿದ್ದ ಸಾಮಾನ್ಯ ವರ್ತಕನಿಗೂ ಆಕಾಶಮಾರ್ಗ ತೆರೆಯಿತು. ಉಚಿತ ಊಟೋಪಚಾರವನ್ನು ಕೈಬಿಟ್ಟು ಸಂಸ್ಥೆಯು ದರವನ್ನು ತಗ್ಗಿಸಿತು. ಆದರೆ ಇಂಧನ, ಗುತ್ತಿಗೆ ಬಾಡಿಗೆ, ದುರಸ್ತಿಗಳ ವೆಚ್ಚ ಅದೇ ಪ್ರಮಾಣದಲ್ಲಿ ತಗ್ಗಲಿಲ್ಲ. ನಷ್ಟದಲ್ಲಿದ್ದ ಸಂಸ್ಥೆಯು 2008ರಲ್ಲಿ ಕಿಂಗ್‌ಫಿಷರ್‌ನೊಡನೆ ವಿಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್‌ನ ಹಾರಾಟವೂ ನಿಂತಿತು.

ನೆಲದ ಮೇಲೆ ನಿಂತ ವಿಮಾನಕ್ಕೂ ಬಾಡಿಗೆ ತಪ್ಪದು. ಖಾಲಿ ಹಾರಿದ ಆಸನವನ್ನು ಮರುದಿನ ಮಾರಲಾಗದು. ರಾಜಾಜಿನಗರ ಕೈಗಾರಿಕಾ ವಸಾಹತಿನ ಲೇತ್ ಯಂತ್ರಕ್ಕೂ ಇದೇ ಲೆಕ್ಕ: ಅದು ಸುಮ್ಮನೆ ನಿಂತ ಗಂಟೆಗೂ ಬ್ಯಾಂಕಿನ ಬಡ್ಡಿ ಏರುತ್ತಲೇ ಇರುತ್ತದೆ. ಹಾಗೆಂದು ಯಂತ್ರ ನಿಲ್ಲಬಾರದೆಂಬ ಒಂದೇ ಕಾರಣಕ್ಕೆ ಅಸಲಿಗಿಂತ ಕಡಿಮೆ ದರಕ್ಕೆ ಆರ್ಡರ್ ಹಿಡಿಯುವುದೂ ವ್ಯಾಪಾರವಲ್ಲ. ಮೊದಲು ವೆಚ್ಚ ಇಳಿಯಲಿ, ಅನಂತರ ಬೆಲೆ.