ಕತಾರಿನಲ್ಲಿ ಕಸುಬಿನ ಶಾಲೆ

ಹದಿನಾರರ ಹರೆಯದ ವಿದ್ಯಾರ್ಥಿಗೆ ಚರಿತ್ರೆಯನ್ನೂ ಗಣಿತವನ್ನೂ ಬೋಧಿಸುವುದಕ್ಕೆ ಒಂದು ಕೊಠಡಿ, ಒಂದು ಕರಿಹಲಗೆ, ವಿಷಯವನ್ನು ಬಲ್ಲ ಒಬ್ಬ ಉಪಾಧ್ಯಾಯ, ಇಷ್ಟಿದ್ದರೆ ಕಾರ್ಯ ಹೇಗೋ ಸಾಗುತ್ತದೆ. ಆದರೆ ಅದೇ ವಿದ್ಯಾರ್ಥಿಗೆ ಲೇತಿನ ಮೇಲೆ ಉಕ್ಕಿನ ಸರಳನ್ನು ಕಡೆಯುವುದನ್ನೋ, ಎರಡು ಕೊಳವೆಗಳನ್ನು ಸೋರದಂತೆ ವೆಲ್ಡಿಂಗ್ ಮಾಡುವುದನ್ನೋ, ವೈರಿಂಗಿನಲ್ಲಿ ಅಡಗಿರುವ ದೋಷವನ್ನು ಹುಡುಕಿ ತೆಗೆಯುವುದನ್ನೋ ಕಲಿಸಬೇಕೆಂದು ಹೊರಟರೆ, ಯಂತ್ರಗಳು ಬೇಕು, ಅವುಗಳನ್ನು ಇರಿಸಲು ವಿಶಾಲವಾದ ಕಟ್ಟಡ ಬೇಕು, ದಿನದಿನವೂ ವ್ಯಯವಾಗುವ ಕಚ್ಚಾ ಸಾಮಗ್ರಿ ಬೇಕು, ಎಳೆಯ ಕೈಗಳಿಗೆ ಅಪಾಯ ತಟ್ಟದಂತೆ ಕಾಯುವ ಏರ್ಪಾಡು ಬೇಕು, ಇವೆಲ್ಲಕ್ಕಿಂತಲೂ ದುರ್ಲಭವಾಗಿ, ಕೈಯಲ್ಲಿ ಕಸುಬೂ ಬಾಯಲ್ಲಿ ಪಾಠವೂ ಇರುವ ಗುರುವೊಬ್ಬ ಬೇಕು. ಪ್ರತಿಯೊಂದು ಪ್ರೌಢಶಾಲೆಯೂ ಇದೆಲ್ಲವನ್ನು ತಾನೇ ಒದಗಿಸಿಕೊಳ್ಳುವುದು ಐಶ್ವರ್ಯವಂತ ರಾಷ್ಟ್ರಗಳಿಗೂ ನಿಲುಕದ ಮಾತು. ಆದಕಾರಣವೇ ಅನೇಕ ಶಾಲೆಗಳು ಕೂಡಿ ಒಂದು ಪ್ರಾದೇಶಿಕ ಕೇಂದ್ರವನ್ನು ಹಂಚಿಕೊಂಡು ಉಪಯೋಗಿಸುವ ಪದ್ಧತಿ ಹುಟ್ಟಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯವು 1948ರಲ್ಲಿ ಶಾಸನವೊಂದನ್ನು ಮಾಡಿ, ಅಕ್ಕಪಕ್ಕದ ಶಾಲಾ ಮಂಡಳಿಗಳು ಸಹಕಾರ ತತ್ತ್ವದ ಮೇಲೆ ಇಂತಹ ಸೇವೆಗಳನ್ನು ಒಟ್ಟಿಗೆ ನಡೆಸಿಕೊಳ್ಳಲು ಅನುವು ಮಾಡಿಕೊಟ್ಟಿತು. ಅಲ್ಲಿಯ ವಿದ್ಯಾರ್ಥಿ ಅರ್ಧ ದಿನ ತನ್ನ ಶಾಲೆಯಲ್ಲಿ ಓದಿ, ಮಿಕ್ಕರ್ಧ ದಿನ ಬಸ್ಸೇರಿ ಕೇಂದ್ರಕ್ಕೆ ಹೋಗಿ ಕಸುಬನ್ನು ಕಲಿಯುತ್ತಾನೆ.

ಕತಾರಿನಲ್ಲಿ ಈ ಪ್ರಶ್ನೆಯ ಸ್ವರೂಪವೇ ಬೇರೆ. ಆ ದೇಶದ ವಿಸ್ತೀರ್ಣ ಸುಮಾರು 11,500 ಚದರ ಕಿಲೋಮೀಟರು. ನಮ್ಮ ಬೆಳಗಾವಿ ಜಿಲ್ಲೆಯೊಂದೇ 13,000ವನ್ನು ಮೀರುತ್ತದೆಂಬುದನ್ನು ನೆನೆದರೆ, ದೇಶವೆಲ್ಲವೂ ಸೇರಿ ಒಂದು ಜಿಲ್ಲೆಯಷ್ಟಿಲ್ಲವೆಂಬುದು ಓದುಗರಿಗೆ ವಿಶದವಾದೀತು. ಅದರಲ್ಲಿಯೂ ಜನವಸತಿಯ ಬಹುಭಾಗ ದೋಹಾ ನಗರ ಮತ್ತು ಅದರ ಸುತ್ತಿನಲ್ಲಿಯೇ ನೆಲೆಸಿರುವುದರಿಂದ, ರಾಷ್ಟ್ರೀಯ ಸಂಸ್ಥೆಯೆಂದು ಅಲ್ಲಿ ಸ್ಥಾಪಿತವಾದುದು ಕಾರ್ಯತಃ ಪ್ರಾದೇಶಿಕ ಕೇಂದ್ರವೇ ಆಗುತ್ತದೆ. ಭೂಗೋಳವು ಕರುಣಿಸಿದ ಈ ಸೌಕರ್ಯವನ್ನು ಅಲ್ಲಿಯವರು ಹೇಗೆ ಬಳಸಿಕೊಂಡರೆಂಬುದನ್ನು ನೋಡುವುದು ಕನ್ನಡಿಗರಿಗೆ ಎರಡು ಕಾರಣಗಳಿಂದ ಪ್ರಯೋಜನಕರ: ನಮ್ಮ ಸಹಸ್ರಾರು ಕುಟುಂಬಗಳು ಅಲ್ಲಿ ಬಾಳುತ್ತಿವೆ, ನಮ್ಮ ನಾಡೂ ಇದೇ ಕಾರ್ಯವನ್ನು ಒಮ್ಮೆ ಕೈಗೆತ್ತಿಕೊಂಡು ನಡುದಾರಿಯಲ್ಲಿ ಬಿಟ್ಟಿದೆ.

ಕತಾರಿನ ಹಿಂದಿನ ತಲೆಮಾರಿನವರ ಜೀವನಾಧಾರ ಮುತ್ತಿನ ಬೇಟೆ. ಸಮುದ್ರದಲ್ಲಿ ಮುಳುಗುವ ವಿದ್ಯೆ, ಹಗ್ಗ ಹಿಡಿಯುವ ವಿದ್ಯೆ, ನಾವೆಯನ್ನು ನಡೆಸುವ ವಿದ್ಯೆ ಇವೆಲ್ಲವೂ ತಂದೆಯಿಂದ ಮಗನಿಗೆ, ನಾಯಕನಿಂದ ಸಹಾಯಕನಿಗೆ ನಾವೆಯ ಮೇಲೆಯೇ ದಾಟಿ ಬರುತ್ತಿದ್ದುವು. 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಯನ್ನು ತುಂಬಿದಾಗ ಆ ಕಸುಬೂ ಕುಸಿಯಿತು, ಅದರೊಡನೆ ಆ ಗುರುಪರಂಪರೆಯೂ ಕಡಿದುಹೋಯಿತು. ಅನಂತರ ದುಖಾನಿನಲ್ಲಿ ತೈಲ ದೊರೆತು, 1949ರ ಕೊನೆಯಲ್ಲಿ ಅದರ ರಫ್ತು ಆರಂಭವಾಯಿತು. 1969ರಲ್ಲಿ ರಸಗೊಬ್ಬರದ ಕಂಪನಿ, 1974ರಲ್ಲಿ ಉಕ್ಕಿನ ಕಂಪನಿ ಹುಟ್ಟಿದುವು. 1971ರಲ್ಲಿ ಪತ್ತೆಯಾದ ಉತ್ತರದ ಸಮುದ್ರಗರ್ಭದ ಅನಿಲ ನಿಕ್ಷೇಪವು ತೊಂಬತ್ತರ ದಶಕದ ಉತ್ತರಾರ್ಧದಿಂದ ದ್ರವರೂಪದಲ್ಲಿ ಹಡಗೇರಿ ದೂರದೇಶಗಳಿಗೆ ಹೊರಟಿತು. ಮುತ್ತಿನ ನಾವೆಯಿಂದ ಅನಿಲ ದ್ರವೀಕರಣದ ಸ್ಥಾವರದವರೆಗಿನ ಈ ದೂರವನ್ನು ಅನ್ಯ ದೇಶಗಳು ಶತಮಾನಗಳಲ್ಲಿ ಕ್ರಮಿಸಿದರೆ ಕತಾರು ಎರಡು ತಲೆಮಾರುಗಳಲ್ಲಿ ಕ್ರಮಿಸಿತು. ಯಂತ್ರಗಳನ್ನು ಹಣ ಕೊಟ್ಟು ತರಿಸಬಹುದಾಗಿತ್ತು. ಅವುಗಳನ್ನು ನಡೆಸಬಲ್ಲ ಸ್ವದೇಶೀಯರನ್ನು ಹಾಗೆ ತರಿಸುವಂತಿರಲಿಲ್ಲ. 2000ದಲ್ಲಿ ಸರ್ಕಾರವು ಇಂಧನ ಮತ್ತು ಕೈಗಾರಿಕಾ ಕ್ಷೇತ್ರದ ಖಾಯಂ ಹುದ್ದೆಗಳಲ್ಲಿ ಅರ್ಧದಷ್ಟನ್ನು ಸ್ವದೇಶೀಯರಿಂದಲೇ ತುಂಬಬೇಕೆಂಬ ಗುರಿಯನ್ನು ಇರಿಸಿಕೊಂಡಾಗ, ಪ್ರೌಢಶಾಲೆಯ ಮಟ್ಟದ ತಾಂತ್ರಿಕ ಶಿಕ್ಷಣ ಅಲಂಕಾರವಾಗಿ ಉಳಿಯದೆ ಅವಶ್ಯಕತೆಯಾಯಿತು.

ಕತಾರಿನ ಸರ್ಕಾರಿ ಶಾಲಾಕ್ರಮದಲ್ಲಿ ಆರು ವರ್ಷ ಪ್ರಾಥಮಿಕ, ಮೂರು ವರ್ಷ ಪೂರ್ವಸಿದ್ಧತೆ, ಕಡೆಯ ಮೂರು ವರ್ಷ ಪ್ರೌಢ ಶಿಕ್ಷಣ. ಸಾಮಾನ್ಯ ಪ್ರೌಢಶಾಲೆಗಳಲ್ಲಿ ವಿಜ್ಞಾನ, ಸಾಹಿತ್ಯ ಮತ್ತು ಮಾನವಿಕ, ತಂತ್ರಜ್ಞಾನ ಎಂಬ ಮೂರು ಕವಲುಗಳುಂಟು. ಇವುಗಳ ಹೊರಗೆ ವಿಶೇಷ ಶಾಲೆಗಳೆಂಬ ಬೇರೊಂದು ವರ್ಗವಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದುವು ಇವೇ. ಕತಾರ್ ತಾಂತ್ರಿಕ ಶಾಲೆ ಯಂತ್ರ, ವಿದ್ಯುತ್ತು ಮೊದಲಾದ ಕೈಗಾರಿಕಾ ವಿದ್ಯೆಗಳಿಗೆ. ಬ್ಯಾಂಕಿಂಗ್ ಅಧ್ಯಯನ ಮತ್ತು ವ್ಯವಹಾರ ನಿರ್ವಹಣೆಯ ಶಾಲೆ ಲೆಕ್ಕಪತ್ರ, ಹಣಕಾಸುಗಳಿಗೆ. ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೌಢಶಾಲೆ ಇಂಜಿನಿಯರಿಂಗಿನ ಕಡೆಗೆ ಒಲವುಳ್ಳವರಿಗೆ. ಕೊನೆಯ ಎರಡೂ ಬಾಲಕರಿಗೆ ಬೇರೆ, ಬಾಲಕಿಯರಿಗೆ ಬೇರೆ ಎಂದು ನಡೆಯುತ್ತಿವೆ. ದೇಶದ ಯಾವ ಮೂಲೆಯ ಪೂರ್ವಸಿದ್ಧತಾ ಶಾಲೆಯನ್ನು ಮುಗಿಸಿದ ವಿದ್ಯಾರ್ಥಿಯಾದರೂ ಇಲ್ಲಿಗೆ ಬರಬಹುದೆಂಬುದೇ ಇವುಗಳ ಪ್ರಾದೇಶಿಕ ಲಕ್ಷಣ. ಹತ್ತಾರು ಶಾಲೆಗಳಲ್ಲಿ ಹತ್ತಾರು ಅರೆಬರೆ ಕಾರ್ಯಾಗಾರಗಳನ್ನು ಕಟ್ಟಿ, ಅವುಗಳ ಯಂತ್ರಗಳಿಗೆ ಧೂಳಿನ ಹೊದಿಕೆ ಹೊದೆಸಿ ಕೂರುವುದಕ್ಕಿಂತ, ಒಂದೆಡೆ ಸಮಗ್ರವಾಗಿ ಕಟ್ಟಿ ವಿದ್ಯಾರ್ಥಿಯನ್ನೇ ಅಲ್ಲಿಗೆ ಕರೆತರುವುದು ವಿವೇಕವೆಂದು ಅವರು ಎಣಿಸಿದುದು ಸರಿಯಾಗಿಯೇ ಇದೆ.

ಶಾಲೆಯನ್ನು ಬಿಡಿಸದೆಯೇ ವಿದ್ಯಾರ್ಥಿಗೆ ನೆರವಾಗುವ ಕೇಂದ್ರಗಳು ಮತ್ತೊಂದು ಬಗೆ. ನನ್ನ ಮಟ್ಟಿಗೆ ಹೇಳುವುದಾದರೆ ಕತಾರಿನ ಪ್ರಯೋಗದಲ್ಲಿ ಹೆಚ್ಚು ಸ್ವಾರಸ್ಯವಿರುವುದು ಇಲ್ಲಿಯೇ. ಕತಾರ್ ವಿಶ್ವವಿದ್ಯಾನಿಲಯದ ಉನ್ನತ ಪದಾರ್ಥವಿಜ್ಞಾನ ಕೇಂದ್ರವು 2010ರಲ್ಲಿ ‘ಅಲ್ ಬೈರಕ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಪ್ರೌಢಶಾಲೆಯ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಪ್ರಯೋಗಾಲಯಕ್ಕೆ ಬಂದು, ಅಲ್ಲಿಯ ಸಂಶೋಧಕರ ಮಾರ್ಗದರ್ಶನದಲ್ಲಿ, ಪಠ್ಯಪುಸ್ತಕದಲ್ಲಿ ಚಿತ್ರವಾಗಿ ಮಾತ್ರ ಕಂಡಿದ್ದ ಉಪಕರಣಗಳನ್ನು ತಾವೇ ಮುಟ್ಟಿ, ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅದಕ್ಕೆ ಪರಿಹಾರವೊಂದನ್ನು ಕಂಡುಕೊಂಡು ಎಲ್ಲರೆದುರು ನಿರೂಪಿಸುವುದು ಇದರ ಕ್ರಮ. 2015ರಲ್ಲಿ ಈ ಕಾರ್ಯಕ್ರಮಕ್ಕೆ ವೈಸ್ ಎಂಬ ಅಂತರರಾಷ್ಟ್ರೀಯ ಶಿಕ್ಷಣ ಪ್ರಶಸ್ತಿ ಲಭಿಸಿತು. ಒಂದು ವಿಶ್ವವಿದ್ಯಾನಿಲಯದ ಅಮೂಲ್ಯ ಯಂತ್ರಗಳು ಪ್ರೌಢಶಾಲೆಯ ಮಕ್ಕಳ ಕೈಗೆ ಸಿಕ್ಕುವುದೆಂದರೆ ನಮ್ಮಲ್ಲಿ ಎಷ್ಟು ಮಂದಿ ಪ್ರಾಧ್ಯಾಪಕರ ಎದೆ ನಡುಗೀತೋ ನಾನು ಊಹಿಸಲಾರೆ!

ಇದಕ್ಕೆ ಪೂರಕವಾಗಿ ಕತಾರ್ ಫೌಂಡೇಶನ್ನಿನ ಆಶ್ರಯದಲ್ಲಿ ವೃತ್ತಿ ಅಭಿವೃದ್ಧಿ ಕೇಂದ್ರವೊಂದು ನಡೆಯುತ್ತಿದೆ. ವಿದ್ಯಾರ್ಥಿಗೆ ತನ್ನ ಒಲವು ಯಾವುದೆಂದು ತಿಳಿಯುವಂತೆ ಮಾಡುವುದು, ಶಾಲೆಗಳಲ್ಲಿ ವೃತ್ತಿ ಮಾರ್ಗದರ್ಶನ ಮಾಡುವವರನ್ನು ತರಬೇತುಗೊಳಿಸುವುದು, ಕೆಲವು ದಿನಗಳ ಮಟ್ಟಿಗೆ ವಿದ್ಯಾರ್ಥಿಯನ್ನು ನಿಜವಾದ ಕಾರ್ಯಾಲಯಕ್ಕೆ ಕಳುಹಿಸಿ ಕೆಲಸ ಮಾಡುವವರ ಬೆನ್ನ ಹಿಂದೆ ನಿಂತು ನೋಡುವಂತೆ ಮಾಡುವುದು ಅದರ ಕಾರ್ಯ. ಎಂಜಿನಿಯರು ಅಥವಾ ನರ್ಸು ತನ್ನ ದಿನವನ್ನು ಹೇಗೆ ಕಳೆಯುತ್ತಾಳೆಂಬುದನ್ನು ಒಮ್ಮೆಯೂ ಕಣ್ಣಾರೆ ಕಾಣದ ಮಗು, ಅಂಕಪಟ್ಟಿಯ ಬಲದ ಮೇಲೆ ತನ್ನ ಮುಂದಿನ ನಲವತ್ತು ವರ್ಷಗಳನ್ನು ನಿಶ್ಚಯಿಸಿಕೊಳ್ಳುವುದು ಎಷ್ಟು ವಿಚಿತ್ರವೆಂಬುದು ಇಂತಹ ಕೇಂದ್ರಗಳನ್ನು ಕಂಡಾಗಲೇ ಹೊಳೆಯುತ್ತದೆ.

ಇಷ್ಟಾದರೂ ಮೂಲ ಪ್ರಶ್ನೆ ಉಳಿದೇ ಇರುತ್ತದೆ: ಕಸುಬಿನ ಶಾಲೆಯಲ್ಲಿ ಓದಿದವನು ಮುಂದೆಲ್ಲಿಗೆ? ಕೆನಡಾದ ಕಾಲೇಜೊಂದರ ಸಹಯೋಗದಿಂದ 2002ರಲ್ಲಿ ದೋಹಾದಲ್ಲಿ ಆರಂಭವಾದ ತಾಂತ್ರಿಕ ಮಹಾವಿದ್ಯಾಲಯವು ಇಪ್ಪತ್ತು ವರ್ಷಗಳ ಕಾಲ ಡಿಪ್ಲೊಮಾಗಳನ್ನು ಕೊಡುತ್ತ ಬಂದು, 2022ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ದೋಹಾ ವಿಶ್ವವಿದ್ಯಾನಿಲಯವಾಗಿ ಪರಿವರ್ತಿತವಾಯಿತು. ಅನ್ವಯಿಕ ವಿದ್ಯೆಗಳಿಗಾಗಿಯೇ ಮೀಸಲಾದ ರಾಷ್ಟ್ರೀಯ ವಿಶ್ವವಿದ್ಯಾನಿಲಯ ಅಲ್ಲಿ ಇದೇ ಮೊದಲನೆಯದು. ಪರದೇಶೀಯರ ಮಕ್ಕಳಿಗೂ ಅಲ್ಲಿ ಪ್ರವೇಶವುಂಟು. ಈ ಒಂದು ಮಾರ್ಪಾಟಿನ ಮಹತ್ತ್ವವನ್ನು ಕಡಿಮೆಯಾಗಿ ಎಣಿಸಲಾಗದು. ಡಿಪ್ಲೊಮಾದೊಡನೆ ಮುಗಿದುಬಿಡುವ ಹಾದಿಗೂ, ಬೇಕೆನಿಸಿದಾಗ ಪದವಿಯವರೆಗೆ ಏರಬಹುದಾದ ಹಾದಿಗೂ ಇರುವ ಅಂತರ, ಹದಿನೈದರ ಹರೆಯದ ಮಗನ ಕೈಹಿಡಿದು ನಿಂತ ತಂದೆಗೆ ಚೆನ್ನಾಗಿ ಗೊತ್ತು.

ಕತಾರಿನಲ್ಲಿ ಎಲ್ಲವೂ ಸುಸೂತ್ರವೆಂದು ಭಾವಿಸಬೇಕಾಗಿಲ್ಲ. ದೇಶದ ಸುಮಾರು 30 ಲಕ್ಷ ನಿವಾಸಿಗಳಲ್ಲಿ ಸ್ವದೇಶೀಯರು ಹತ್ತರಲ್ಲಿ ಒಂದು ಪಾಲಿನಷ್ಟು. ಅವರಲ್ಲಿ ಬಹುಮಂದಿಗೆ ಸರ್ಕಾರಿ ಕಚೇರಿಯ ಹುದ್ದೆಯೇ ಪ್ರಿಯ. ಸ್ಪ್ಯಾನರು ಹಿಡಿಯುವ ಕೆಲಸ ಪರದೇಶಿಯದೆಂಬ ಭಾವನೆ ಬೇರೂರಿದಲ್ಲಿ ಎಷ್ಟೇ ಸುಸಜ್ಜಿತವಾದ ತಾಂತ್ರಿಕ ಶಾಲೆಯೂ ಎದುರುಗಾಳಿಗೆ ಹುಟ್ಟು ಹಾಕಬೇಕಾಗುತ್ತದೆ. ಆ ಸ್ಪ್ಯಾನರು ಹಿಡಿದ ಪರದೇಶಿ ಅನೇಕ ವೇಳೆ ನಮ್ಮವನೇ. ಅಲ್ಲಿರುವ 7 ಲಕ್ಷಕ್ಕೂ ಮೀರಿದ ಭಾರತೀಯರಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಹೋದವರು ಬಹಳ. 1950ರಲ್ಲಿ ಭಾರತ ಸರ್ಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯ ಫಲವಾದ ಐ.ಟಿ.ಐ.ಗಳಲ್ಲಿ ಫಿಟ್ಟರು, ವೆಲ್ಡರು, ಎಲೆಕ್ಟ್ರಿಷಿಯನ್ ವಿದ್ಯೆಯನ್ನು ಕಲಿತು, ಆ ಪ್ರಮಾಣಪತ್ರವೊಂದನ್ನೇ ನಂಬಿ ವಿಮಾನವೇರಿದವರು ಅವರಲ್ಲಿ ಎಷ್ಟೋ ಮಂದಿ. ರಾಸ್ ಲಫಾನ್, ಮೆಸಾಯಿದ್ ಎಂಬ ಕೈಗಾರಿಕಾ ನಗರಗಳ ಸ್ಥಾವರಗಳು ಇಂತಹ ಕೈಗಳಿಂದ ನಡೆಯುತ್ತಿವೆ. ವಿಪರ್ಯಾಸವೆಂದರೆ, ಕಸುಬಿನಿಂದಲೇ ಮನೆ ಕಟ್ಟಿ, ತಂಗಿಯರ ಮದುವೆ ಮಾಡಿ, ಫಿಟ್ಟರಿನಿಂದ ಮೇಲ್ವಿಚಾರಕನಾಗಿ ಏರಿದ ತಂದೆ ತನ್ನ ಮಗನಿಗೆ ಹೇಳುವ ಮಾತು: “ನೀನು ಮಾತ್ರ ನಮ್ಮ ಹಾಗೆ ಬಿಸಿಲಲ್ಲಿ ನಿಲ್ಲೋದು ಬೇಡ ಮಗಾ.” ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗಿನ 10ರಿಂದ ಮಧ್ಯಾಹ್ನ 3-30ರ ತನಕ ಬಯಲಿನ ಕೆಲಸವನ್ನು ಸರ್ಕಾರವೇ ನಿಷೇಧಿಸಬೇಕಾಗಿ ಬಂದ ದೇಶದಲ್ಲಿ ಈ ಮಾತನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ.

ನಮ್ಮ ನಾಡಿನ ಚರಿತ್ರೆಯನ್ನೂ ಇಲ್ಲಿ ಸ್ವಲ್ಪ ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ವಿದ್ಯಾಸಂಸ್ಥೆ ಪ್ರಾರಂಭವಾದಾಗ, ಪದವಿಯ ಹಂಗಿಲ್ಲದೆ ಕುಶಲ ಕೈಗಳನ್ನು ಸಿದ್ಧಪಡಿಸುವ ಕಾರ್ಯಕ್ಕೆ ಮೈಸೂರು ದೇಶದಲ್ಲಿ ಗೌರವದ ಸ್ಥಾನವಿತ್ತು. ಕೊಠಾರಿ ಆಯೋಗದ ಶಿಫಾರಸುಗಳ ಬಳಿಕ, ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ, ಕರ್ನಾಟಕವು ಪದವಿಪೂರ್ವ ಹಂತದಲ್ಲಿ ವೃತ್ತಿಶಿಕ್ಷಣವನ್ನು ತಂದ ಮೊದಲ ರಾಜ್ಯಗಳ ಸಾಲಿನಲ್ಲಿ ನಿಂತಿತು. ಜನ ಅದನ್ನು ಜೆ.ಒ.ಸಿ. (ಜಾಬ್ ಓರಿಯೆಂಟೆಡ್ ಕೋರ್ಸ್) ಎಂದು ಕರೆದರು. ರೇಷ್ಮೆ ಕೃಷಿ, ಹೈನುಗಾರಿಕೆ, ಲೆಕ್ಕಪತ್ರ, ವಿದ್ಯುತ್ ವೈರಿಂಗ್ ಮುಂತಾದ ವಿಷಯಗಳನ್ನು ಅರೆಕಾಲಿಕ ಉಪನ್ಯಾಸಕರು ಬೋಧಿಸಿದರು. ಪ್ರತಿ ಕಾಲೇಜೂ ತನ್ನ ಪಾಲಿನ ಚಿಕ್ಕ ಕೋಣೆಯನ್ನೂ ಚೂರುಪಾರು ಸಾಮಗ್ರಿಯನ್ನೂ ಇಟ್ಟುಕೊಂಡಿತು. ಹಂಚಿಕೊಳ್ಳುವ ಕೇಂದ್ರವೆಂಬುದು ಏರ್ಪಡಲಿಲ್ಲ. ಮುಗಿಸಿದವನಿಗೆ ಪದವಿಯ ಬಾಗಿಲೂ ಸಲೀಸಾಗಿ ತೆರೆಯಲಿಲ್ಲ, ಉದ್ಯೋಗದ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಆ ಕೋರ್ಸುಗಳು ಮುಚ್ಚಿದುವು; ಅವನ್ನು ಬೋಧಿಸುತ್ತಿದ್ದ ಅರೆಕಾಲಿಕರನ್ನು ಸರ್ಕಾರಿ ಸೇವೆಯಲ್ಲಿ ವಿಲೀನಗೊಳಿಸುವುದಕ್ಕೆ 2011ರಲ್ಲಿ ಪ್ರತ್ಯೇಕ ಏರ್ಪಾಡನ್ನೇ ಮಾಡಬೇಕಾಯಿತು. ಯೋಜನೆ ಸತ್ತಿತು, ಸಿಬ್ಬಂದಿ ಉಳಿದರು. ಉಳಿದದ್ದು ನ್ಯಾಯವೇ, ಆದರೆ ಸಾಯಲು ಕಾರಣವೇನೆಂಬ ವಿಚಾರಣೆ ಇಂದಿಗೂ ಸರಿಯಾಗಿ ನಡೆದಂತಿಲ್ಲ.

ದೋಹಾದ ಕನ್ನಡ ಮಕ್ಕಳು ಅಲ್ಲಿಯ ಸರ್ಕಾರಿ ವಿಶೇಷ ಶಾಲೆಗಳಿಗೆ ಹೋಗುವುದು ವಿರಳ. ಬೋಧನೆಯ ಭಾಷೆ ಬೇರೆ, ಉದ್ದೇಶವೂ ಮುಖ್ಯವಾಗಿ ಸ್ವದೇಶೀಯರನ್ನು ಕುರಿತದ್ದು. ಅವರು ಓದುವುದು 1974ರಲ್ಲಿ ಸ್ಥಾಪಿತವಾದ ಎಂ.ಇ.ಎಸ್. ಇಂಡಿಯನ್ ಸ್ಕೂಲಿನಂತಹ ಭಾರತೀಯ ಶಾಲೆಗಳಲ್ಲಿ, ಬಹುಪಾಲು ಸಿ.ಬಿ.ಎಸ್.ಇ. ಪಠ್ಯಕ್ರಮದಲ್ಲಿ. ಆ ಮಂಡಲಿ ಈಗ ಒಂಬತ್ತನೆಯ ತರಗತಿಯಿಂದಲೇ ಕೌಶಲ ವಿಷಯಗಳನ್ನು ಕೊಡುತ್ತಿದೆ. ಹತ್ತನೆಯ ತರಗತಿಯಲ್ಲಿ ಆರನೆಯ ವಿಷಯವಾಗಿ ಕೌಶಲವನ್ನು ಆರಿಸಿಕೊಂಡವನು ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳಲ್ಲಿ ಒಂದರಲ್ಲಿ ಅನುತ್ತೀರ್ಣನಾದರೆ ಕೌಶಲ ವಿಷಯದ ಅಂಕ ಅವನನ್ನು ಕಾಪಾಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಒಂದು ಶಾಲೆಯಲ್ಲಿ ಕೌಶಲ ಪ್ರಯೋಗಾಲಯವನ್ನು ಸ್ಥಾಪಿಸಿ ಸುತ್ತಲಿನ ಇತರ ಶಾಲೆಗಳು ಅದನ್ನು ಬಳಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿದೆ. ಕೆಲವೇ ಮೈಲಿಗಳ ಅಂತರದಲ್ಲಿ ಇಷ್ಟೊಂದು ಭಾರತೀಯ ಶಾಲೆಗಳು ನೆರೆದಿರುವ ದೋಹಾಕ್ಕಿಂತ ಈ ಪದ್ಧತಿಗೆ ಅನುಕೂಲವಾದ ಸ್ಥಳ ಭಾರತದಲ್ಲಿಯೇ ಸುಲಭವಾಗಿ ಸಿಕ್ಕದು.

ಕತಾರಿನ ಕರ್ನಾಟಕ ಸಂಘ, ತುಳು ಕೂಟ ಮೊದಲಾದ ಸಂಸ್ಥೆಗಳಲ್ಲಿ ಯಕ್ಷಗಾನವನ್ನೂ ರಾಜ್ಯೋತ್ಸವವನ್ನೂ ಅಚ್ಚುಕಟ್ಟಾಗಿ ನಡೆಸುವ ಶಕ್ತಿಯಿದೆ; ಅವುಗಳ ಸದಸ್ಯರಲ್ಲಿ ವೆಲ್ಡಿಂಗ್ ಪರೀಕ್ಷಕರೂ ನರ್ಸುಗಳೂ ಲೆಕ್ಕಿಗರೂ ಹವಾನಿಯಂತ್ರಣದ ಮೆಕ್ಯಾನಿಕ್ಕುಗಳೂ ಇದ್ದಾರೆ. ಶುಕ್ರವಾರದ ರಜೆಯಲ್ಲಿ ಪ್ರೌಢಶಾಲೆಯ ಮಕ್ಕಳನ್ನು ಇವರ ಎದುರು ಕೂರಿಸುವುದಕ್ಕೆ ಯಾವ ಸರ್ಕಾರದ ಅಪ್ಪಣೆಗೂ ಕಾಯಬೇಕಾಗಿಲ್ಲ. ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಶಾಲೆಯ ಪ್ರಾಂಶುಪಾಲರನ್ನು ಕಂಡು, ಮುಂದಿನ ವರ್ಷ ಯಾವ ಯಾವ ಕೌಶಲ ವಿಷಯಗಳನ್ನು ಕಲಿಸುತ್ತೀರಿ, ಅವುಗಳ ಪ್ರಯೋಗ ಎಲ್ಲಿ ನಡೆಯುತ್ತದೆ, ನೆರೆಯ ಶಾಲೆಯೊಡನೆ ಪ್ರಯೋಗಾಲಯವನ್ನು ಹಂಚಿಕೊಳ್ಳುವ ಏರ್ಪಾಡೇನಾದರೂ ಉಂಟೇ ಎಂದು ಕೇಳಿರಿ, ಒಬ್ಬರೇ ಹೋಗದೆ ನಾಲ್ಕೈದು ಮನೆಯವರು ಕೂಡಿ ಹೋಗಿರಿ.