ಒಂದೊಂದೇ ಕಿಲೋ ಮೇಲೆ ಎರಡು ಪದಕ

ಗೋಲ್ಡ್ ಕೋಸ್ಟ್, 2018ರ ಏಪ್ರಿಲ್ 5. ಭಾರತದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಎತ್ತಿದ್ದು ಒಟ್ಟು 249 ಕೆ.ಜಿ., ಶ್ರೀಲಂಕಾದ ಚತುರಂಗ ಲಕ್ಮಲ್ 248. ಬರ್ಮಿಂಗ್‌ಹ್ಯಾಮ್, 2022ರ ಜುಲೈ 30. ಗುರುರಾಜ 269, ಕೆನಡಾದ ಯೂರಿ ಸಿಮಾರ್ಡ್ 268. ಮೊದಲ ಸಲ ಆ ಒಂದು ಕಿಲೋ ಕಂಚಿನ ಜಾಗಕ್ಕೆ ಬೆಳ್ಳಿ ತಂದಿತು. ಎರಡನೇ ಸಲ ಅದೇ ಒಂದು ಕಿಲೋ ಇಲ್ಲದಿದ್ದರೆ ಬರಿಗೈ.

ಎರಡು ಕಾಮನ್‌ವೆಲ್ತ್ ಕ್ರೀಡಾಕೂಟ, ಎರಡು ಬೇರೆ ತೂಕದ ವಿಭಾಗ, ನಡುವೆ ನಾಲ್ಕು ವರ್ಷ. ಎರಡೂ ಕಡೆ ಅಂತರ ಮಾತ್ರ ಒಂದೇ. ಇದನ್ನು ಅದೃಷ್ಟ ಎಂದು ಕರೆದುಬಿಡುವುದು ಸುಲಭ. ಆ ಕಿಲೋ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋದರೆ ಮಾತ್ರ ದಾರಿ ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ಕಡೆಗೆ ತಿರುಗುತ್ತದೆ.

ಕುಂದಾಪುರದಿಂದ ಬಡಗಿಗೆ ಹೆಮ್ಮಾಡಿ, ಅಲ್ಲಿಂದ ಘಟ್ಟದ ಬದಿಗೆ ವಂಡ್ಸೆ, ಅದರಾಚೆ ಚಿತ್ತೂರು. ಮೂಕಾಂಬಿಕೆಯ ದರ್ಶನಕ್ಕೆ ಹೊರಟ ಬಸ್ಸು, ಕಾರುಗಳು ಈ ಊರುಗಳನ್ನು ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತವೆ. ಬೈಲುಗದ್ದೆ, ಅಡಿಕೆ ತೋಟ, ರಬ್ಬರು, ನಡುನಡುವೆ ಹಾಡಿ. ಗುರುರಾಜ ಈ ಕಡೆಯವರು, ಹುಟ್ಟಿದ್ದು 1992ರಲ್ಲಿ. ತಂದೆ ಮಹಾಬಲ ಪೂಜಾರಿ ಪಿಕಪ್ ವಾಹನದ ಚಾಲಕ. ಹಲವು ಗಂಡುಮಕ್ಕಳ ಸಂಸಾರ. ಬಾಡಿಗೆ ಸಿಕ್ಕ ದಿನ ದುಡ್ಡು, ಸಿಗದ ದಿನ ಇಲ್ಲ ಎನ್ನುವ ದುಡಿಮೆಯಲ್ಲಿ ಒಬ್ಬ ಮಗನಿಗೆ ಮಾತ್ರ ದಿನಕ್ಕಿಷ್ಟು ಮೊಟ್ಟೆ, ಇಷ್ಟು ಹಾಲು, ಇಷ್ಟು ಮಾಂಸ ಎಂದು ತೆಗೆದಿಡುವುದು ಸಣ್ಣ ಮಾತಲ್ಲ.

ನಮ್ಮ ಕಡೆ ಆಟಕ್ಕೆ ಬರಗಾಲ ಎಂದೂ ಇಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ ಅಂಕಣ ಬೀಳುತ್ತದೆ, ಶಾಲೆಯ ಅಂಗಳದಲ್ಲಿ ವಾಲಿಬಾಲ್ ನೆಟ್ ಏಳುತ್ತದೆ. ಬೇಸಿಗೆ ಬಂತೆಂದರೆ ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ಬೈಂದೂರಿನಿಂದ ಬ್ರಹ್ಮಾವರದ ತನಕ ನಿದ್ದೆಗೆಡಿಸುತ್ತದೆ. ಇವುಗಳನ್ನೆಲ್ಲ ಹುಡುಗರು ನೋಡಿಯೇ ಕಲಿಯುತ್ತಾರೆ. ಅಣ್ಣ ಆಡಿದ್ದನ್ನು ತಮ್ಮ ಆಡುತ್ತಾನೆ. ಭಾರ ಎತ್ತುವ ಸ್ಪರ್ಧೆ ಹಾಗಲ್ಲ. ಅದಕ್ಕೆ ಬೇಕಾದ ಬಾರ್ ಯಾರ ಮನೆಯ ಜಗಲಿಯಲ್ಲೂ ಇರುವುದಿಲ್ಲ. ಹೇಳಿಕೊಡುವವರಿಲ್ಲದೆ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ. ಆ ಆಟ ತಾನಾಗಿ ಊರಿಗೆ ಬರುವುದಿಲ್ಲ, ಅದು ಇರುವಲ್ಲಿಗೆ ಹುಡುಗನೇ ಹೋಗಬೇಕು.

ಗುರುರಾಜ ಮೊದಲು ಹೋದದ್ದು ಕುಸ್ತಿಗೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕುಸ್ತಿಯ ಕಂಚು ಗೆದ್ದಾಗ ದೇಶದ ಎಷ್ಟೋ ಹುಡುಗರಂತೆ ಈ ಹುಡುಗನಿಗೂ ಕುಸ್ತಿಪಟು ಆಗುವ ಆಸೆ ಹತ್ತಿತು. 2010ರಲ್ಲಿ ಪದವಿಗೆಂದು ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿಗೆ ಸೇರಿದಾಗಲೂ ಮನಸ್ಸಿನಲ್ಲಿದ್ದದ್ದು ಅಖಾಡವೇ. ವಂಡ್ಸೆಯಿಂದ ಉಜಿರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ರಾಜೇಂದ್ರ ಪ್ರಸಾದ್ ಎಂಬ ತರಬೇತುದಾರರು ಆ ಗಿಡ್ಡ, ಗಟ್ಟಿ ಮೈಕಟ್ಟನ್ನು ನೋಡಿ ಇದು ಬಾರ್‌ಬೆಲ್‌ಗೆ ಹೇಳಿ ಮಾಡಿಸಿದ ದೇಹ ಎಂದು ಗುರುತಿಸಿದರು. ಕುಸ್ತಿ ಬಿಡಿಸಿ ವೇಟ್‌ಲಿಫ್ಟಿಂಗ್‌ಗೆ ಹಚ್ಚಿದರು.

ನನ್ನ ಮಟ್ಟಿಗೆ ಈ ಇಡೀ ಕತೆಯ ತಿರುವು ಇದೇ, ಗೋಲ್ಡ್ ಕೋಸ್ಟ್ ಅಲ್ಲ. ಪದಕ ಗೆದ್ದವನನ್ನು ಗುರುತಿಸಲು ಯಾರಿಗೂ ಕಷ್ಟವಿಲ್ಲ. ಹದಿನೆಂಟರ ಹುಡುಗನೊಬ್ಬ ತಾನು ಕೇಳದೇ ಇದ್ದ ಆಟಕ್ಕೆ ಸರಿಹೊಂದುತ್ತಾನೆ ಎಂದು ಮೊದಲೇ ಕಾಣುವುದಕ್ಕೆ ವರ್ಷಗಟ್ಟಲೆ ಪಳಗಿದ ಕಣ್ಣು ಬೇಕು.

ಎತ್ತರ ಕಡಿಮೆ ಇರುವುದು ಈ ಆಟದಲ್ಲಿ ಹೇಗೆ ಅನುಕೂಲ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪರ್ಧೆ ನಡೆಯುವುದು ದೇಹತೂಕದ ವಿಭಾಗಗಳಲ್ಲಿ. ಒಬ್ಬ ಉದ್ದ, ಒಬ್ಬ ಗಿಡ್ಡ, ಇಬ್ಬರೂ 56 ಕಿಲೋದವರೇ ಎಂದಿಟ್ಟುಕೊಳ್ಳಿ. ಉದ್ದದವನ ತೂಕದ ಒಂದು ಪಾಲು ಉದ್ದನೆಯ ಮೂಳೆಗಳಿಗೆ ಹೋಗುತ್ತದೆ. ಗಿಡ್ಡನೆಯವನು ಅದೇ ತೂಕದಲ್ಲಿ ಹೆಚ್ಚು ಸ್ನಾಯು ತುಂಬಿಸಿಕೊಳ್ಳಬಹುದು. ಜೊತೆಗೆ ನೆಲದಿಂದ ತಲೆಯ ಮೇಲಿನ ತನಕ ಬಾರ್ ಸಾಗಬೇಕಾದ ದೂರವೂ ಅವನಿಗೆ ಕಡಿಮೆ. ಕುಳಿತು ಏಳುವಾಗ ತೊಡೆಯ ಮೇಲೆ ಬೀಳುವ ಎಳೆತವೂ ಕಡಿಮೆ.

ಇದೇ ಕಡಿಮೆ ಎತ್ತರ ಬೇರೆ ಕಡೆ ಗುರುರಾಜರಿಗೆ ಅಡ್ಡ ಬಂದಿತ್ತು. ಮನೆಗೆ ಆಸರೆಯಾಗಲು ಸೇನೆಗೆ ಸೇರಬೇಕೆಂದು ಹೊರಟವರನ್ನು ಎತ್ತರ ಸಾಲದೆಂದು ಹಿಂದಕ್ಕೆ ಕಳಿಸಲಾಯಿತು. ಬೇಸರದಲ್ಲಿ ಮರಳುತ್ತಿದ್ದಾಗ ವಾಯುಪಡೆಯಲ್ಲಿ ಎತ್ತರಕ್ಕೆ ವಿನಾಯಿತಿ ಇದೆಯೆಂದು ತಿಳಿಯಿತು. ಅಲ್ಲಿ ಕೆಳಹಂತದ ಸಿಬ್ಬಂದಿಯಾಗಿ ನೇಮಕವಾಯಿತು. ಹಳ್ಳಿಯ ಕ್ರೀಡಾಪಟುವಿಗೆ ತಿಂಗಳ ಸಂಬಳ ಎಂದರೆ ಏನೆಂದು ಪಟ್ಟಣದ ಓದುಗರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಸಂಬಳ ಬಂದಮೇಲೆ ಊಟಕ್ಕೆ, ಪೂರಕ ಆಹಾರಕ್ಕೆ ಮನೆಯ ಕಡೆ ನೋಡಬೇಕಾಗಿಲ್ಲ. ಅಭ್ಯಾಸವೇ ಕೆಲಸವಾಗುತ್ತದೆ. ಆರಂಭದ ವರ್ಷಗಳಲ್ಲಿ ತಂದೆಗೆ ಈ ಖರ್ಚು ಹೊರುವ ಶಕ್ತಿ ಇರಲಿಲ್ಲ, ಮೆಲ್ಲಮೆಲ್ಲನೆ ಸುಧಾರಿಸಿತು ಎಂದು ಗೋಲ್ಡ್ ಕೋಸ್ಟ್‌ನಲ್ಲಿ ಗೆದ್ದ ದಿನ ಗುರುರಾಜರೇ ಪತ್ರಕರ್ತರ ಮುಂದೆ ಹೇಳಿಕೊಂಡಿದ್ದರು.

2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ. ಅದೇ ವರ್ಷ ಮಲೇಷ್ಯಾದ ಪೆನಾಂಗ್‌ನಲ್ಲಿ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನ ಚಿನ್ನ. ಊರಿನಲ್ಲಿ ಆಗ ಹೆಚ್ಚು ಸದ್ದಾಗಲಿಲ್ಲ. ಈ ಚಾಂಪಿಯನ್‌ಷಿಪ್ ಬೇರೆ, ನಾಲ್ಕು ವರ್ಷಕ್ಕೊಮ್ಮೆ ಬರುವ ಕ್ರೀಡಾಕೂಟ ಬೇರೆ, ಟಿ.ವಿ. ಬರುವುದು ಎರಡನೆಯದಕ್ಕೆ.

ಗೋಲ್ಡ್ ಕೋಸ್ಟ್‌ಗೆ ಬರುವ ಮುಂಚೆ ಆಟದ ನಿಯಮ ಒಂದಿಷ್ಟು. ನೆಲದಲ್ಲಿರುವ ಬಾರನ್ನು ಒಂದೇ ಸೆಳೆತಕ್ಕೆ ತಲೆಯ ಮೇಲೆ ಒಯ್ಯುವುದು ಸ್ನ್ಯಾಚ್. ಮೊದಲು ಹೆಗಲಿಗೆ ಏರಿಸಿಕೊಂಡು, ಎದ್ದು ನಿಂತು, ಅಲ್ಲಿಂದ ತಲೆಯ ಮೇಲಕ್ಕೆ ತಳ್ಳುವುದು ಕ್ಲೀನ್ ಅಂಡ್ ಜರ್ಕ್. ಒಂದೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಅತಿ ಹೆಚ್ಚು ಎತ್ತಿದ ತೂಕವನ್ನು ಕೂಡಿಸಿದರೆ ಒಟ್ಟು. ಬಾರ್‌ಗೆ ಒಮ್ಮೆ ಏರಿಸಿದ ತೂಕವನ್ನು ಮತ್ತೆ ಇಳಿಸುವಂತಿಲ್ಲ. ಸೋತರೆ ಅಷ್ಟನ್ನೇ ಮತ್ತೆ ಎತ್ತಬೇಕು, ಇಲ್ಲವೇ ಇನ್ನೂ ಹೆಚ್ಚು ಕೇಳಬೇಕು. ಯಾವುದಾದರೂ ಒಂದರಲ್ಲಿ ಮೂರೂ ಅವಕಾಶ ಕೈತಪ್ಪಿದರೆ ಒಟ್ಟು ಎಂಬುದೇ ಇಲ್ಲ, ಪಟ್ಟಿಯಲ್ಲಿ ಸ್ಥಾನವೂ ಇಲ್ಲ. ಪವರ್‌ಲಿಫ್ಟಿಂಗ್ ಇದರಿಂದ ಬೇರೆ. ನಮ್ಮ ಕುಂದಾಪುರ ತಾಲೂಕಿನ ದೇವಲ್ಕುಂದದ ವಿಶ್ವನಾಥ ಗಾಣಿಗ ಹೆಸರು ಮಾಡಿದ್ದು ಅದರಲ್ಲಿ. ಅಲ್ಲಿ ಬಾರ್ ತಲೆಯ ಮೇಲೆ ಹೋಗುವುದಿಲ್ಲ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರು ಎತ್ತುವಿಕೆಗಳಲ್ಲಿ ಬಲದ ಪರೀಕ್ಷೆ. ವೇಟ್‌ಲಿಫ್ಟಿಂಗ್‌ಗೆ ಬಲದ ಜೊತೆ ವೇಗ ಬೇಕು. ಮೇಲಕ್ಕೆ ಚಿಮ್ಮಿದ ಬಾರ್ ಕೆಳಗಿಳಿಯುವಷ್ಟರಲ್ಲಿ ಎತ್ತುವವನು ಅದರಡಿ ನುಸುಳಿ ಕುಳಿತಿರಬೇಕು.

2018ರ ಏಪ್ರಿಲ್ 5 ಗೋಲ್ಡ್ ಕೋಸ್ಟ್ ಕೂಟದ ಮೊದಲ ಸ್ಪರ್ಧಾದಿನ. ಪುರುಷರ 56 ಕೆ.ಜಿ. ವಿಭಾಗ. ನಾಲ್ಕು ವರ್ಷ ಹಿಂದೆ ಗ್ಲಾಸ್ಗೋದಲ್ಲಿ ಭಾರತದ ಸುಖೇನ್ ಡೇ ಇದೇ ವಿಭಾಗದಲ್ಲಿ 248 ಕೆ.ಜಿ.ಗೆ ಚಿನ್ನ ಗೆದ್ದಿದ್ದರು. ಈ ಸಲ ಅಷ್ಟಕ್ಕೆ ಚಿನ್ನ ಬರುವ ಹಾಗಿರಲಿಲ್ಲ. ಮಲೇಷ್ಯಾದ ಮುಹಮ್ಮದ್ ಇಝಾರ್ ಅಹ್ಮದ್ 117 ಮತ್ತು 144 ಎತ್ತಿ 261 ಮಾಡಿದರು. ಪೈಪೋಟಿ ಉಳಿದದ್ದು ಅವರ ಹಿಂದೆ. ಸ್ನ್ಯಾಚ್‌ನಲ್ಲಿ ಲಕ್ಮಲ್ 114, ಗುರುರಾಜ 111. ಮೂರು ಕಿಲೋ ಹಿಂದೆ.

ಕ್ಲೀನ್ ಅಂಡ್ ಜರ್ಕ್‌ನ ಮೊದಲ ಅವಕಾಶ ಹೋಯಿತು. ಎರಡನೆಯದೂ ಹೋಯಿತು. ಮೊಣಕಾಲಿನಲ್ಲೂ ಸಯಾಟಿಕ್ ನರದಲ್ಲೂ ತೊಂದರೆ ಇತ್ತು. ಸ್ಪರ್ಧೆಯ ಜಾಗದಲ್ಲಿ ನೋಡಿಕೊಳ್ಳಲು ಫಿಸಿಯೊ ಇರಲಿಲ್ಲ. ಈಗ ಉಳಿದದ್ದು ಒಂದೇ ಅವಕಾಶ, ಬಾರ್ ಮೇಲೆ 138. ಇದು ತಪ್ಪಿದರೆ ಸ್ನ್ಯಾಚ್‌ನ 111 ಕೂಡ ಲೆಕ್ಕಕ್ಕಿಲ್ಲ. ಉಜಿರೆಯಲ್ಲಿ ಶುರುವಾದ ಎಂಟು ವರ್ಷದ ಅಭ್ಯಾಸ, ವಾಯುಪಡೆಯ ನೌಕರಿ, ಪಟಿಯಾಲದ ರಾಷ್ಟ್ರೀಯ ಶಿಬಿರ ಎಲ್ಲವೂ ಸ್ಥಾನವಿಲ್ಲದ ಒಂದು ಖಾಲಿ ಸಾಲಾಗುತ್ತಿತ್ತು. ನಿನ್ನ ಬದುಕು ಈ ಒಂದು ಎತ್ತುವಿಕೆಯ ಮೇಲೆ ನಿಂತಿದೆ ಎಂದು ತರಬೇತುದಾರರು ನೆನಪಿಸಿದರೆಂದೂ, ಮನೆಯವರನ್ನೂ ದೇಶವನ್ನೂ ನೆನೆದು ಬಾರ್ ಹಿಡಿದೆನೆಂದೂ ಗುರುರಾಜ ಆಮೇಲೆ ಹೇಳಿದರು.

138 ಹೆಗಲೇರಿತು, ತಲೆಯ ಮೇಲೆ ನಿಂತಿತು. 111 ಕೂಡಿಸು 138, ಒಟ್ಟು 249. ಲಕ್ಮಲ್ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 134, ಒಟ್ಟು 248. ಬಾರ್ ಮೇಲೆ ಒಂದು ಕಿಲೋ ಕಡಿಮೆ ಇದ್ದಿದ್ದರೂ ಇಬ್ಬರ ಲೆಕ್ಕ ಸಮನಾಗುತ್ತಿತ್ತು. ಭಾರತಕ್ಕೆ ಆ ಕೂಟದ ಮೊದಲ ಪದಕ ಅದು. ಅದೇ ದಿನ ಆಮೇಲೆ ಮೀರಾಬಾಯಿ ಚಾನು ಚಿನ್ನ ಗೆದ್ದರು, ದೇಶದ ಗಮನ ಅತ್ತ ಹೋಯಿತು, ಹೋಗಬೇಕಾದದ್ದೇ. ಆದರೆ ಆ ಬೆಳಗಿನ ಮಟ್ಟಿಗೆ ದೇಶವೆಲ್ಲ ಕೊಲ್ಲೂರಿನ ದಾರಿಯ ಹುಡುಗನ ಹೆಸರು ಹೇಳಿತು.

ಬೆಳ್ಳಿ ಗೆದ್ದ ವರ್ಷವೇ ಅವರ ವಿಭಾಗ ಇಲ್ಲವಾಯಿತು. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ 2018ರ ನವೆಂಬರ್‌ನಿಂದ ಎಲ್ಲ ತೂಕ ವಿಭಾಗಗಳನ್ನೂ ಬದಲಿಸಿತು. ಪುರುಷರಲ್ಲಿ 56 ಹೋಗಿ 55 ಮತ್ತು 61 ಬಂದವು. ಇವುಗಳಲ್ಲಿ 55 ಒಲಿಂಪಿಕ್ಸ್‌ಗೆ ಸೇರಲಿಲ್ಲ. ಟೋಕಿಯೊದಲ್ಲಿ ಪುರುಷರ ಅತಿ ಹಗುರ ವಿಭಾಗ 61. ಗುರುರಾಜರ ಮುಂದಿನ ಹಾದಿ 61ರಲ್ಲಿ ಸಾಗಿತು.

ದೂರದಿಂದ ನೋಡುವವರಿಗೆ ಇದು ಕಾಗದದ ಬದಲಾವಣೆ. 56ರ ದೇಹಕ್ಕೆ ಅದು ಸುಮಾರು ಹತ್ತನೇ ಒಂದು ಪಾಲು ಹೊಸ ತೂಕ. ಬೊಜ್ಜು ಬೆಳೆಸಿಕೊಂಡರೆ ವೇಗ ಸಾಯುತ್ತದೆ, ಆದ್ದರಿಂದ ಅದು ಸ್ನಾಯುವಾಗಿಯೇ ಬರಬೇಕು. ಇಪ್ಪತ್ತಾರು ದಾಟಿದ ಮೈಗೆ ಅದು ವರ್ಷಗಳ ಊಟ, ನಿದ್ದೆ, ಅಭ್ಯಾಸದ ಕೆಲಸ. ನಡುವೆ ಕೊರೊನಾ ಬಂದು ಕೂಟಗಳನ್ನೂ ಶಿಬಿರಗಳನ್ನೂ ಕಂಗೆಡಿಸಿತು. ಹೊಸ ವಿಭಾಗದಲ್ಲಿ ಎದುರಾಳಿಗಳೂ ಹೊಸಬರು, ಕೇಳುವ ತೂಕವೂ ಬೇರೆ. ಗೋಲ್ಡ್ ಕೋಸ್ಟ್‌ನ 249ನ್ನು ಹಿಡಿದುಕೊಂಡು 61ರಲ್ಲಿ ಪದಕದ ಮಾತಾಡುವಂತಿರಲಿಲ್ಲ. ಈ ಭಾಗದ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದು ಕಡಿಮೆ. ನನಗೆ ಎರಡು ಪದಕಗಳಿಗಿಂತ ದೊಡ್ಡದಾಗಿ ಕಾಣುವುದು ಈ ನಾಲ್ಕು ವರ್ಷ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಮಲೇಷ್ಯಾದ ಅಝ್ನಿಲ್ ಬಿನ್ ಬಿದಿನ್ 285 ಕೆ.ಜಿ. ಎತ್ತಿ ದೂರ ನಿಂತರು. ಪಪುವಾ ನ್ಯೂಗಿನಿಯ ಮೋರಿಯಾ ಬಾರು 273. ಮೂರನೆಯ ಜಾಗಕ್ಕೆ ಸಿಮಾರ್ಡ್ ಮತ್ತು ಗುರುರಾಜ. ಸ್ನ್ಯಾಚ್‌ನಲ್ಲಿ ಗುರುರಾಜ ಎತ್ತಿದ್ದು 118. ಕ್ಲೀನ್ ಅಂಡ್ ಜರ್ಕ್‌ನ ಕೊನೆಯ ಅವಕಾಶಕ್ಕೆ ಬಾರ್ ಮೇಲೆ 151 ಏರಿತು. ನಮ್ಮ ಅಂಗಡಿಗಳಲ್ಲಿ ಸಿಗುವ ಐವತ್ತು ಕಿಲೋದ ಮೂರು ಅಕ್ಕಿ ಚೀಲ, ಅದರ ಮೇಲೆ ಇನ್ನೊಂದು ಕಿಲೋ. ಎತ್ತುವವರ ತೂಕ 61ರ ಒಳಗೆ. ಎತ್ತಿದರು. ಒಟ್ಟು 269, ಸಿಮಾರ್ಡ್‌ಗಿಂತ ಒಂದು ಹೆಚ್ಚು, ಕಂಚು.

ಗೋಲ್ಡ್ ಕೋಸ್ಟ್‌ನ 138 ಆ ದಿನದ ವಿಭಾಗತೂಕದ ಸುಮಾರು ಎರಡೂವರೆ ಪಟ್ಟು. ಬರ್ಮಿಂಗ್‌ಹ್ಯಾಮ್‌ನ 151 ಕೂಡ ಹಾಗೆಯೇ, ಲೆಕ್ಕ ಹಾಕಿದರೆ ಕೂದಲೆಳೆಯಷ್ಟು ಹೆಚ್ಚು. ಮೈಗೆ ಸೇರಿದ ಪ್ರತಿ ಕಿಲೋವನ್ನೂ ಬಾರ್‌ಗೆ ಪೂರ್ತಿ ದಾಟಿಸಿದ್ದಾರೆ ಎಂದು ಇದರ ಅರ್ಥ. ಎರಡೂ ಸಲ ಪದಕ ಬಂದದ್ದು ಮೂರನೆಯ, ಕೊನೆಯ ಅವಕಾಶದಲ್ಲಿ.

ಇವತ್ತು 61 ಕೂಡ ಇಲ್ಲ. 2025ರ ಜೂನ್‌ನಿಂದ ಫೆಡರೇಷನ್ ವಿಭಾಗಗಳನ್ನು ಮತ್ತೊಮ್ಮೆ ಬದಲಿಸಿ, ಪುರುಷರ ಅತಿ ಹಗುರ ವಿಭಾಗವನ್ನು 60 ಮಾಡಿದೆ. ವಂಡ್ಸೆಯ ಹೈಸ್ಕೂಲಿನಲ್ಲೋ ಬೈಂದೂರು, ಬ್ರಹ್ಮಾವರದ ಕಾಲೇಜಿನಲ್ಲೋ ಈಗ ಓದುತ್ತಿರುವ ಗಿಡ್ಡ ಮೈಕಟ್ಟಿನ ಹುಡುಗ ಕಾಲಿಡಬೇಕಾದದ್ದು ಆ ಅರವತ್ತಕ್ಕೆ. ಅವನಿಗೆ ಬೇಕಾದದ್ದು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಮರದ ವೇದಿಕೆ, ಇಪ್ಪತ್ತು ಕಿಲೋದ ಒಂದು ಬಾರ್, ರಬ್ಬರಿನ ತಟ್ಟೆಗಳು, ಹೊಟ್ಟೆ ತುಂಬ ಊಟ, ಮತ್ತು ರಾಜೇಂದ್ರ ಪ್ರಸಾದರ ಹಾಗೆ ನೋಡಿ ಹೇಳಬಲ್ಲ ಒಬ್ಬರು. ಒಂದಿದ್ದ ತಾಲೂಕು ಕುಂದಾಪುರ, ಬೈಂದೂರು ಎಂದು ಎರಡಾಗಿದೆ, ಬ್ರಹ್ಮಾವರವೂ ತನ್ನದೇ ತಾಲೂಕಾಗಿದೆ. ಮೂರು ತಾಲೂಕಿಗೆ ಮೂರು ವೇದಿಕೆ ಕೇಳುವುದು ದೊಡ್ಡ ಬೇಡಿಕೆಯಲ್ಲ. ಹುಡುಗ ಉಜಿರೆಗೆ ಹೊರಡುವ ಮೊದಲೇ, ಹೈಸ್ಕೂಲಿನ ವಯಸ್ಸಿನಲ್ಲೇ, ಯಾರಾದರೂ ಅವನ ಕೈಗೆ ಬಾರ್ ಕೊಡಲಿ.