ಹಾವು ಕಡಿತ: ಮಾಹಿತಿ ವಿನಿಮಯದಿಂದ ರೈತರಿಗೆ ಆಗುವ ಪ್ರಯೋಜನಗಳು

ರಾಗಿ ಕಟಾವು, ಮೇವು ಕೊಯ್ಲು, ರಾತ್ರಿ ನೀರು ಹಾಯಿಸುವುದು ಮುಂತಾದ ಕೆಲಸಗಳಲ್ಲಿ ಹಾವು ಕಡಿತಕ್ಕೆ ಒಳಗಾಗುವವರಲ್ಲಿ ರೈತರು ಮತ್ತು ಕೃಷಿ ಕಾರ್ಮಿಕರೇ ಹೆಚ್ಚು. ಭಾರತದಲ್ಲಿ 2000ರಿಂದ 2019ರವರೆಗೆ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಡಿತದಿಂದ ಮೃತಪಟ್ಟಿರುವರೆಂದು ಸಂಶೋಧಕರು ಅಂದಾಜಿಸಿದ್ದಾರೆ. ಆಸ್ಪತ್ರೆಗಳ ದಾಖಲೆಯಲ್ಲಿರುವ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ. ಅನೇಕರು ಆಸ್ಪತ್ರೆ ತಲುಪುವ ಮುನ್ನವೇ ಸಾಯುವುದು ಇದಕ್ಕೆ ಮುಖ್ಯ ಕಾರಣ. ದಾಖಲಾಗದ ಸಾವು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಊರಿನ ಅಗತ್ಯ ಯಾರ ಗಮನಕ್ಕೂ ಬರುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಇದರಂತೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಹಾವು ಕಡಿತದ ಪ್ರಕರಣ ಮತ್ತು ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು.

ಮಾಹಿತಿ ಸಾಗುವ ಬಗೆ

ಆಸ್ಪತ್ರೆಗಳ ವರದಿಯು ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯನ್ನು ಸೇರುತ್ತದೆ. 2018ರಲ್ಲಿ ಈ ವೇದಿಕೆಯನ್ನು ಮೊದಲು ಅಳವಡಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳಲ್ಲಿ ಕಡಿತ ಹೆಚ್ಚು ಎಂಬುದು ಹೀಗೆ ಗೋಚರಿಸಿದರೆ, ಅಲ್ಲಿಗೆ ಹಾವಿನ ವಿಷದ ಪ್ರತಿವಿಷವನ್ನು ಮೊದಲೇ ತಲುಪಿಸಲು ಮತ್ತು ಸಿಬ್ಬಂದಿಗೆ ತರಬೇತಿ ನೀಡಲು ಸಾಧ್ಯ.

ರೋಗಿಯೊಡನೆ ಸಾಗಬೇಕಾದ ಮಾಹಿತಿ

ಬೆಂಗಳೂರಿನ ಪೂರ್ವ ಭಾಗದ ರೈತರೊಬ್ಬರನ್ನು ಮೊದಲು ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಗೂ, ಅಗತ್ಯವಿದ್ದರೆ ಅಲ್ಲಿಂದ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ ಅಥವಾ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೂ ಕರೆದೊಯ್ಯಬಹುದು. ಕಡಿದ ಸಮಯ, ನೀಡಿದ ಪ್ರತಿವಿಷದ ಬಾಟಲಿಗಳ ಸಂಖ್ಯೆ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ 20 ನಿಮಿಷಗಳ ಪರೀಕ್ಷೆಯ ಫಲಿತಾಂಶ ಜೊತೆಯಲ್ಲಿ ಬಂದರೆ ಮುಂದಿನ ವೈದ್ಯರ ನಿರ್ಧಾರ ಸುಲಭವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಪರಿಚಿತ ಕೃಷಿ ಕಾರ್ಮಿಕರೊಬ್ಬರನ್ನು ಇನ್ನೊಂದು ಆಸ್ಪತ್ರೆಗೆ ಕಳುಹಿಸಿದಾಗ ಚೀಟಿಯಲ್ಲಿ ಬಾಟಲಿಗಳ ಸಂಖ್ಯೆಯನ್ನೇ ಬರೆದಿರಲಿಲ್ಲ. ಫೋನಿನಲ್ಲಿ ವಿಚಾರಿಸುವುದರಲ್ಲೇ ಬಹಳ ಹೊತ್ತು ಕಳೆಯಿತು. ಅವರು ಬದುಕುಳಿದರು, ಆದರೆ ಆ ವಿಳಂಬ ಎಲ್ಲರನ್ನೂ ಕ್ಷಮಿಸುವುದಿಲ್ಲ.

2021ರಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಗಳ ಆಭಾ ಸಂಖ್ಯೆಯು ಇಂತಹ ದಾಖಲೆಗಳನ್ನು ಜೋಡಿಸುವ ವ್ಯವಸ್ಥೆ. ಇದನ್ನು ಪಡೆಯುವುದು ಐಚ್ಛಿಕ. ದಾಖಲೆಯನ್ನು ಹಂಚಿಕೊಳ್ಳಲು ರೋಗಿಯ ಸಮ್ಮತಿ ಬೇಕು. ಆಭಾ ಇದ್ದರೂ ಕಾಗದದ ಚೀಟಿಯನ್ನು ಬಿಡಬಾರದು.

ರೈತರು ಅನುಸರಿಸಬೇಕಾದ ಕ್ರಮಗಳು

• ಕಡಿದ ಸಮಯವನ್ನು ಗಮನಿಸಿ, 108ಕ್ಕೆ ಕರೆ ಮಾಡಿ. ಕಡಿದ ಅಂಗವನ್ನು ಅಲುಗಾಡಿಸದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಿ.
• ಗಾಯ ಕುಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ನಾಟಿ ಮದ್ದು ಹಾಕುವುದು ಬೇಡ.
• ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಹೋಗಬೇಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಬಳಕೆಯಲ್ಲಿದೆ.
• ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವು, ಊತ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆಗಳು ಜೋತುಬಿದ್ದರೆ ವೈದ್ಯರಿಗೆ ತಿಳಿಸಿ.
• ಬೇರೆ ಆಸ್ಪತ್ರೆಗೆ ಕಳುಹಿಸುವಾಗ ನೀಡಿದ ಚಿಕಿತ್ಸೆಯ ವಿವರವನ್ನು ಬರೆಸಿಕೊಳ್ಳಿ.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರತಿವಿಷ ಲಭ್ಯವಿರುವ ಹತ್ತಿರದ ಆಸ್ಪತ್ರೆಯ ಹೆಸರನ್ನು ಮುಂಗಾರಿಗೆ ಮುನ್ನವೇ ವಿಚಾರಿಸಿ, ರೈತ ಸಂಪರ್ಕ ಕೇಂದ್ರ ಮತ್ತು ಹಾಲಿನ ಡೇರಿಯ ಫಲಕದಲ್ಲಿ ಬರೆಸಿರಿ. ಆಸ್ಪತ್ರೆ ತಲುಪದೆ ಸಂಭವಿಸಿದ ಸಾವು ತಿಳಿದುಬಂದರೆ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ಗಮನಕ್ಕೆ ತನ್ನಿರಿ. ಗದ್ದೆಯ ಬದುವಿನಲ್ಲಿ ನಡೆದ ಒಂದು ಘಟನೆ ದಾಖಲೆಗೆ ಸೇರಿದಾಗ ಮಾತ್ರ, ಮುಂದಿನ ಹಂಗಾಮಿನಲ್ಲಿ ಅದೇ ಊರಿಗೆ ಬೇಕಾದ ಔಷಧಿ ಸಮಯಕ್ಕೆ ಸಿದ್ಧವಾಗಿರುತ್ತದೆ.